ಬಿದ್ದ ಅಡಿಕೆ ಮರಕ್ಕೆ ಹದಿನಾರು ರೂಪಾಯಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆ ತೋಟಗಳು ಬಹುಪಾಲು ಇಕ್ಕಟ್ಟಾದ ಕಣಿವೆಗಳಲ್ಲಿವೆ. ಮಳೆಗಾಲದಲ್ಲಿ ನೆಲ ನೀರುಂಡು ಸಡಿಲವಾಗಿರುವಾಗ ಬೀಸುವ ಬಿರುಗಾಳಿ ಇಡೀ ಊರನ್ನು ಒಂದೇ ಸಮನೆ ಬಾಧಿಸುವುದಿಲ್ಲ. ಕಣಿವೆಯ ಬಾಯಿಂದ ನುಗ್ಗಿ ಒಬ್ಬರ ತೋಟದ ಹತ್ತು ಸಾಲುಗಳನ್ನು ಮುರಿದು, ಪಕ್ಕದವರ ತೋಟವನ್ನು ಮುಟ್ಟದೆ ಸಾಗುತ್ತದೆ. ಮರದೊಡನೆ ಅದನ್ನು ತಬ್ಬಿದ ಕಾಳುಮೆಣಸಿನ ಬಳ್ಳಿಯೂ ನೆಲಕ್ಕೊರಗುತ್ತದೆ. ಸರಕಾರದ ಪರಿಹಾರ ನಿಯಮಗಳನ್ನು ರೂಪಿಸಿದವರ ಕಣ್ಣೆದುರು ಇಂಥ ತೋಟ ಇದ್ದಂತಿಲ್ಲ. ಇದ್ದುದು ಬಯಲುಸೀಮೆಯ ಹೊಲ.

ಲೆಕ್ಕವನ್ನೇ ನೋಡಬಹುದು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಅಡಿಕೆ ಮರಗಳಾಗುತ್ತವೆ, ಎಕರೆಗೆ 550. ವಿಪತ್ತು ಪರಿಹಾರ ನಿಧಿಯಿಂದ ಬಹುವಾರ್ಷಿಕ ಬೆಳೆಗೆ ಕೊಡಲು ಕೇಂದ್ರ ಸರಕಾರ 2022ರಿಂದ 2026ರ ಅವಧಿಗೆ ನಿಗದಿಪಡಿಸಿದ ದರ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಅಂದರೆ ಮರವೊಂದಕ್ಕೆ ಹದಿನಾರು ರೂಪಾಯಿ ಚಿಲ್ಲರೆ. 2021ರಲ್ಲಿ ರಾಜ್ಯ ಸರಕಾರ ತನ್ನ ಪಾಲನ್ನೂ ಸೇರಿಸಿ ತೋಟಗಾರಿಕಾ ಬೆಳೆಗೆ ಹೆಕ್ಟೇರಿಗೆ 28,000 ರೂಪಾಯಿ ಕೊಟ್ಟಾಗಲೂ ಅದು ಇಪ್ಪತ್ತನ್ನು ದಾಟಿದ್ದು ಅಷ್ಟಕ್ಕಷ್ಟೆ. ಬಿದ್ದ ಮರವನ್ನು ಕಡಿದು ಹೊರಗೆ ಸಾಗಿಸುವ ಕೂಲಿಗೂ ಇದು ಸಾಲದು.

ಭತ್ತದ ಗದ್ದೆ ಹಾಳಾದರೆ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಅಡಿಕೆ ಸಸಿ ಫಸಲು ಕಾಣಲು ಐದಾರು ವರ್ಷ ಬೇಕು, ತುಂಬು ಇಳುವರಿಗೆ ಇನ್ನೂ ಹೆಚ್ಚು. ನಿಯಮ ಅಳೆಯುವುದು ಒಂದು ವರ್ಷದ ಬೆಳೆಯನ್ನು; ಕೃಷಿಕ ಕಳೆದುಕೊಳ್ಳುವುದು ಹಲವು ವರ್ಷಗಳ ಬದುಕನ್ನು. ಸಾಲದೆಂಬಂತೆ ಶೇಕಡಾ 33ರಷ್ಟು ನಷ್ಟವಾಗಿರಲೇಬೇಕೆಂಬ ಷರತ್ತು ಬೇರೆ. 2015ಕ್ಕೆ ಮೊದಲು ಇದು ಶೇಕಡಾ 50 ಇತ್ತು ಎಂಬುದೇ ಸಮಾಧಾನ! ಎಕರೆ ತೋಟದಲ್ಲಿ ನೂರೈವತ್ತು ಮರಗಳು ಉರುಳಿದರೂ ಕಡತದ ಭಾಷೆಯಲ್ಲಿ ಅದು ನಷ್ಟವಲ್ಲ.

ಆದ್ದರಿಂದ ದರ ಏರಿಸಿರೆಂದು ಮಾತ್ರ ಮನವಿ ಕೊಡುವುದರಲ್ಲಿ ಅರ್ಥವಿಲ್ಲ. ಅಳತೆಯ ಮಾನವೇ ಬದಲಾಗಬೇಕು: ಹೆಕ್ಟೇರಿನ ಬದಲು ಮರದ ಲೆಕ್ಕ, ಮಿಶ್ರಬೆಳೆಗೆ ಪ್ರತ್ಯೇಕ ಎಣಿಕೆ. ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹ, ಭೂಕುಸಿತ, ಆಲಿಕಲ್ಲು ಮಳೆ, ಮೇಘಸ್ಫೋಟ ಇವೆ. ಮಳೆಗಾಲದ ಬಿರುಗಾಳಿಗೆ ಅಲ್ಲಿ ಹೆಸರಿಲ್ಲ. ಆದರೆ ಸ್ಥಳೀಯ ವಿಪತ್ತುಗಳನ್ನು ತಾನೇ ಘೋಷಿಸಿ, ನಿಧಿಯ ಶೇಕಡಾ 10ರವರೆಗೆ ಅವಕ್ಕೆ ಬಳಸುವ ಅಧಿಕಾರ ರಾಜ್ಯಕ್ಕಿದೆ. ಎಲ್ಲದಕ್ಕೂ ದಿಲ್ಲಿಯತ್ತ ಕೈ ತೋರಿಸಬೇಕಿಲ್ಲ.

ಹವಾಮಾನ ಆಧಾರಿತ ಬೆಳೆವಿಮೆ ಇದೆಯಲ್ಲ ಎಂಬ ಉತ್ತರ ಬರುತ್ತದೆ. ಅದು ಮಾಪಕದ ಅಂಕಿಗಳನ್ನು ಓದುತ್ತದೆ, ಬಿದ್ದ ಮರಗಳನ್ನು ಎಣಿಸುವುದಿಲ್ಲ.

2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿದಾಗ ತೋಟಗಳೊಡನೆ ನೆಲವೂ ಹೋಯಿತು. ಭೂಮಿಯನ್ನೇ ಕಳೆದುಕೊಂಡವರಿಗೆ 2022ರ ನಿಯಮ ಹೇಳುವುದು ಹೆಕ್ಟೇರಿಗೆ 47,000 ರೂಪಾಯಿ, ಅದೂ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ. ತಲೆಮಾರುಗಳು ಬಸಿಗಾಲುವೆ ತೋಡಿ, ಮಣ್ಣು ಹೊತ್ತು ಹಾಕಿ, ಸೊಪ್ಪು ಹೊದೆಸಿ ಕಟ್ಟಿದ ನೆಲದ ಬೆಲೆ ಅದು. ಪಹಣಿಯಿಲ್ಲದ ಅರಣ್ಯಭೂಮಿ ಸಾಗುವಳಿದಾರರ ಪಾಲಿಗೆ ಅದೂ ದೂರ.

ಸೊಪ್ಪಿನ ಬೆಟ್ಟವನ್ನು ಬೋಳಾಗಿಸಿ ಗಾಳಿಗೆ ದಾರಿ ಮಾಡಿಕೊಟ್ಟುದರಲ್ಲಿ ಬೆಳೆಗಾರರ ಪಾಲೂ ಇದೆ. ಇದನ್ನು ಮನವಿಯಲ್ಲಿ ಯಾರೂ ಬರೆಯುವುದಿಲ್ಲ. ಗಾಳಿತಡೆಯಾಗಿ ಬೆಟ್ಟದ ಅಂಚಿನಲ್ಲಿ ಕಾಡುಮರಗಳನ್ನು ಬೆಳೆಸುವ ವೆಚ್ಚವೂ ಪರಿಹಾರದ ಭಾಗವಾಗಿ ಬರುವಂತಾಗಬೇಕು.

ಸದ್ಯಕ್ಕೆ ಊರಿನಲ್ಲಿಯೇ ಆಗಬಹುದಾದ ಕೆಲಸವೊಂದಿದೆ. ಗಾಳಿ ನಿಂತ ಮರುದಿನ, ಮರಗಳನ್ನು ತೆರವು ಮಾಡುವ ಮೊದಲೇ, ಸರ್ವೆ ನಂಬರಿನೊಡನೆ ಬಿದ್ದ ಮರ ಮತ್ತು ಬಳ್ಳಿಗಳ ಎಣಿಕೆ ನಡೆದು, ದಿನಾಂಕ ಸಹಿತ ಛಾಯಾಚಿತ್ರಗಳು ಸಿದ್ಧವಾಗಬೇಕು. ಕಾಲೇಜಿನ ವಿದ್ಯಾರ್ಥಿಗಳು ಒಂದು ದಿನದಲ್ಲಿ ಕೇರಿಯೊಂದರ ಪಟ್ಟಿ ಮುಗಿಸಬಲ್ಲರು. ಕಂದಾಯ ಮತ್ತು ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆ ಬರುವ ಹೊತ್ತಿಗೆ ಅದರ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ತಹಶೀಲ್ದಾರರ ಕಚೇರಿಯಲ್ಲಿಯೂ ಸ್ವೀಕೃತಿ ಮುದ್ರೆಯೊಡನೆ ಇರಬೇಕು.