ಕಂಪ್ಯೂಟರಿನ ಕಿರ್ದಿ-ಖಾತೆಗೆ ಬೀಗ ಬಿದ್ದರೆ? ರ‍್ಯಾನ್ಸಮ್‌ವೇರ್ ದಾಳಿ ಮತ್ತು ನಮ್ಮ ವ್ಯಾಪಾರ

2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ವ್ಯವಹಾರಕ್ಕೆ ಅಡಚಣೆಯಾಯಿತು. ಅವು ಸಹಕಾರಿ ಮತ್ತು ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು. ದಾಳಿ ನಡೆದದ್ದು ಆ ಬ್ಯಾಂಕುಗಳ ಮೇಲಲ್ಲ. ಅವುಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುತ್ತಿದ್ದ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ. ಅದು ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಸೇರಿ ಕಟ್ಟಿದ ಸಂಸ್ಥೆ. ದಾಳಿ ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕ ಕಡಿದು, ಪರಿಶೀಲನೆಯ ನಂತರ ಆಗಸ್ಟ್ 1ರಂದು ಮತ್ತೆ ಜೋಡಿಸಿತು.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಓದುಗರಿಗೆ ಇದು ದೂರದ ಸುದ್ದಿಯಲ್ಲ. ಇಲ್ಲಿನ ಹಣಕಾಸು ನಡೆಯುವುದೇ ಸಹಕಾರಿ ಬ್ಯಾಂಕು, ಪತ್ತಿನ ಸಂಘಗಳ ಮೇಲೆ. ನಮ್ಮ ಸಮಾಜದ ಅನೇಕರು ಅವುಗಳ ಸದಸ್ಯರು, ಠೇವಣಿದಾರರು, ನಿರ್ದೇಶಕರು. ತಂಬಾಕು, ಬಟ್ಟೆ, ಕಿರಾಣಿ, ಗೊಬ್ಬರದ ಅಂಗಡಿಗಳ ಲೆಕ್ಕವೂ ಟ್ಯಾಲಿಗೆ ಬಂದಾಗಿದೆ. ದೀಪಾವಳಿಗೆ ವಹಿಪೂಜೆ ತಪ್ಪದೆ ನಡೆಯುವ ಮನೆಗಳಲ್ಲೂ ವರ್ಷದ ಬಾಕಿ-ಜಮೆ ಇರುವುದು ಕಂಪ್ಯೂಟರಿನಲ್ಲಿ.

ದಾಳಿ ಹೇಗೆ ನಡೆಯುತ್ತದೆ?

ರ‍್ಯಾನ್ಸಮ್‌ವೇರ್ ಎಂದರೆ ಕಡತಗಳಿಗೆ ಗುಪ್ತ ಬೀಗ ಹಾಕಿ, ಬೀಗದ ಕೈಗೆ ಹಣ ಕೇಳುವ ತಂತ್ರಾಂಶ. ಅದು ಒಳಬರುವ ದಾರಿಗಳು ಸಾಮಾನ್ಯವಾದವೇ: ಬಿಲ್ಲು ಅಥವಾ ಜಿಎಸ್‌ಟಿ ನೋಟಿಸಿನ ಹೆಸರಿನ ಇ-ಮೇಲ್ ಕಡತ, ಕಳ್ಳಪ್ರತಿಯ ಸಾಫ್ಟ್‌ವೇರ್, ಮನೆಯಿಂದ ಅಂಗಡಿಯ ಕಂಪ್ಯೂಟರ್ ತೆರೆಯಲು ಬಿಟ್ಟ ದುರ್ಬಲ ಪಾಸ್‌ವರ್ಡ್, ಅಪ್‌ಡೇಟ್ ಕಾಣದ ಹಳೆಯ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಒಳಹೊಕ್ಕವರು ಮೊದಲು ಬ್ಯಾಕಪ್ ಹುಡುಕಿ ಅಳಿಸುತ್ತಾರೆ, ದಾಖಲೆ ಕದಿಯುತ್ತಾರೆ, ಆಮೇಲೆ ಬೀಗ ಹಾಕುತ್ತಾರೆ. ಹಣ ಕೊಡದಿದ್ದರೆ ಗ್ರಾಹಕರ ದಾಖಲೆ ಬಯಲು ಮಾಡುತ್ತೇವೆಂದೂ ಬೆದರಿಸುತ್ತಾರೆ.

ಎರಡು ಪ್ರಕರಣ, ಒಂದು ಪಾಠ

ಬ್ರಿಟನ್ನಿನ ಕೆಎನ್‌ಪಿ 158 ವರ್ಷ ಹಳೆಯ ಸಾರಿಗೆ ಕಂಪನಿ. ಸುಮಾರು 500 ಲಾರಿಗಳಿದ್ದವು. 2023ರಲ್ಲಿ ನೌಕರರೊಬ್ಬರ ಪಾಸ್‌ವರ್ಡ್ ಊಹಿಸಿ ದಾಳಿಕೋರರು ಒಳಬಂದರೆಂದು ನಂಬಲಾಗಿದೆ. ದತ್ತಾಂಶ ಕೈತಪ್ಪಿತು, ಕಂಪನಿ ಮುಚ್ಚಿತು, ಸುಮಾರು 700 ಜನ ಕೆಲಸ ಕಳೆದುಕೊಂಡರು. ಅದಕ್ಕೆ ಮುಂಚೆ, 2022ರ ನವೆಂಬರಿನಲ್ಲಿ, ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳಿಗೆ ಬೀಗ ಬಿದ್ದಿತ್ತು. ಹಲವು ದಿನ ಕಾಗದದ ಮೇಲೆಯೇ ಕೆಲಸ ನಡೆಯಿತು. ಆದರೆ ದಾಳಿ ತಟ್ಟದ ಒಂದು ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ದತ್ತಾಂಶ ಮರಳಿ ಸಿಕ್ಕಿತು. ಪ್ರತ್ಯೇಕವಾಗಿ ಉಳಿದ ಒಂದು ಪ್ರತಿಯೇ ಸಂಸ್ಥೆಯನ್ನು ಕಾಯುತ್ತದೆ.

ದಾಳಿಯಾದರೆ ಏನು ಮಾಡಬೇಕು?

1. ಆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ನಿಲ್ಲಿಸಿ. ಬೇರೆ ಕಂಪ್ಯೂಟರುಗಳನ್ನೂ ಅದರಿಂದ ಬೇರ್ಪಡಿಸಿ. ಪೆನ್‌ಡ್ರೈವ್, ಬ್ಯಾಕಪ್ ಡಿಸ್ಕ್ ಜೋಡಿಸಬೇಡಿ.
2. ಗಾಬರಿಯಿಂದ ಫಾರ್ಮ್ಯಾಟ್ ಮಾಡಬೇಡಿ. ಪರದೆಯ ಮೇಲಿನ ಬೆದರಿಕೆ ಸಂದೇಶದ ಫೋಟೋ ತೆಗೆದಿಡಿ.
3. 1930ಕ್ಕೆ ಅಥವಾ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ತಿಳಿಸಿ. ಕಂಪನಿ, ಸಂಸ್ಥೆಗಳು ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ ನಿಯಮ 2022ರಿಂದ ಇದೆ.
4. ಸುರಕ್ಷಿತವಾದ ಬೇರೆ ಸಾಧನದಿಂದ ಬ್ಯಾಂಕ್, ಇ-ಮೇಲ್, ಜಿಎಸ್‌ಟಿ ಪಾಸ್‌ವರ್ಡ್ ಬದಲಿಸಿ.
5. ಹಣ ಕೊಡಲು ಮುಂದಾಗಬೇಡಿ. ಕೊಟ್ಟರೂ ಕಡತ ತೆರೆಯುವ ಖಾತ್ರಿಯಿಲ್ಲ. ಕದ್ದ ದಾಖಲೆಯ ಪ್ರತಿ ಅವರಲ್ಲೇ ಉಳಿಯುತ್ತದೆ. ಕೆಲವು ಬಗೆಯ ಬೀಗಗಳಿಗೆ ಯುರೋಪೋಲ್ ಪಾಲುದಾರಿಕೆಯ ನೋ ಮೋರ್ ರ‍್ಯಾನ್ಸಮ್ ಜಾಲತಾಣದಲ್ಲಿ ಉಚಿತ ಕೀಲಿ ಸಿಗುತ್ತದೆ.

ಮುಂಚೆಯೇ ಮಾಡಬೇಕಾದದ್ದು

ಅನೇಕ ಅಂಗಡಿಗಳಲ್ಲಿ ಬ್ಯಾಕಪ್ ಡಿಸ್ಕ್ ಹಗಲಿರುಳೂ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತದೆ. ದಾಳಿಯಾದರೆ ಅದಕ್ಕೂ ಬೀಗ ಬೀಳುತ್ತದೆ. ಎರಡು ಡಿಸ್ಕ್ ಇಟ್ಟುಕೊಂಡು ಸರದಿಯಂತೆ ಬಳಸಿ. ಒಂದು ಅಂಗಡಿಯಿಂದ ಹೊರಗೆ, ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ನಂಬಿಕೆಗೆ ಬಾರದು.

ಸಂಘಗಳ ನಿರ್ದೇಶಕರಾಗಿರುವ ಸಮಾಜ ಬಾಂಧವರು ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಲಿ: ಇಂದು ರಾತ್ರಿ ಸರ್ವರ್ ಹೋದರೆ, ನಾಳೆ ಬೆಳಿಗ್ಗೆ ಕೌಂಟರ್‌ಗೆ ಬಂದ ಠೇವಣಿದಾರರಿಗೆ ಅವರ ಬಾಕಿ ಯಾವ ಪ್ರತಿ ನೋಡಿ ಹೇಳುತ್ತೇವೆ? ಸಾಫ್ಟ್‌ವೇರ್ ಕೊಟ್ಟವರನ್ನೂ ಇದೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಸಿ-ಎಡ್ಜ್ ಪ್ರಕರಣದಲ್ಲಿ ತೊಂದರೆ ಬಂದದ್ದು ಆ ಬಾಗಿಲಿನಿಂದಲೇ.