ಕಡಲತೀರದಾಚೆಯ ಗೋವೆ

ರಜೆ ಬಂದೊಡನೆ ವಿದ್ಯಾರ್ಥಿಗಳ ಮನಸ್ಸು ಗೋವೆಯತ್ತ ಹರಿಯುವುದು ಸಹಜ. ಕಲಂಗೂಟಿನ ಮರಳು, ಮೀನೂಟ, ಪಣಜಿಯ ಸಂಜೆ ಯಾವುದೂ ಆಕ್ಷೇಪಾರ್ಹವಲ್ಲ. ಆದರೆ ಕನ್ನಡವನ್ನು ಐಚ್ಛಿಕವಾಗಿ ಓದುವವರು ಅಷ್ಟಕ್ಕೇ ಹಿಂದಿರುಗಿದರೆ ಪ್ರವಾಸ ಅಪೂರ್ಣ.

ಅನಮೋಡ ಘಟ್ಟದ ಬುಡದ ಕಾಡಿನಲ್ಲಿ ತಾಂಬಡಿ ಸುರ್ಲದ ಮಹಾದೇವ ದೇಗುಲವಿದೆ. ಕದಂಬರ ಕಾಲದ ಈ ಕರಿಯ ಬಸಾಲ್ಟ್ ಶಿಲೆಯ ಗುಡಿಯ ಒಳಛಾವಣಿಯಲ್ಲಿ ಕಮಲ ಅರಳಿದೆ. ಹಲಸಿ, ದೇಗಾಂವಗಳನ್ನು ಕಂಡವರಿಗೆ ಇದು ಬಂಧುವಿನ ಮನೆಯೇ ಸರಿ. ಗೋವೆಯ ಕದಂಬರ ಕುಲದೈವ ಸಪ್ತಕೋಟೇಶ್ವರನ ಗುಡಿಯನ್ನು ಪೋರ್ಚುಗೀಸರು ದಿವಾಡಿ ದ್ವೀಪದಲ್ಲಿ ಕೆಡವಿದರು. 1668ರಲ್ಲಿ ಶಿವಾಜಿ ಮಹಾರಾಜರು ನಾರ್ವೆಯಲ್ಲಿ ಅದರ ಜೀರ್ಣೋದ್ಧಾರಗೈದರು. ಶಾಸನಗಳಲ್ಲಿ ಕನ್ನಡವನ್ನು ಬಳಸಿದ ಕದಂಬರೇ ನಾಣ್ಯಗಳ ಮೇಲೆ ನಾಗರಿಯನ್ನೂ ಒತ್ತಿದರು. ಎರಡು ಲಿಪಿಗಳು ಕೂಡಿ ಬಾಳಿದ ನೆಲವಿದು; ಗೋವೆ ಯಾರದೆಂಬ ವಾದಕ್ಕೆ ಇವನ್ನು ಆಯುಧವಾಗಿಸುವುದು ತರವಲ್ಲ.

ಶಾಸನದ ಕನ್ನಡವಲ್ಲದೆ ಜೀವಂತ ಕನ್ನಡವೂ ಅಲ್ಲಿದೆ. ವಾಸ್ಕೋ, ಮಡಗಾಂವಗಳ ಕಟ್ಟಡ ಕೆಲಸಗಳಲ್ಲಿ, ಸಂತೆಗಳಲ್ಲಿ ಉತ್ತರ ಕರ್ನಾಟಕದ ದುಡಿಯುವ ಜನರ ಮಾತು ಕೇಳಿಬರುತ್ತದೆ. ಕಲ್ಲಿನ ಮೇಲಿನ ಅಕ್ಷರಕ್ಕೆ ಕೈಮುಗಿದು, ಕಲ್ಲು ಹೊರುವವರ ನುಡಿಗೆ ಕಿವುಡಾಗುವ ವ್ಯಾಸಂಗಕ್ಕೆ ಅರ್ಥವೇನು? ಅವರೊಡನೆ ಹತ್ತು ನಿಮಿಷ ಕುಳಿತು ಊರು-ಕೇರಿ ವಿಚಾರಿಸುವುದೂ ಕನ್ನಡದ ಅಧ್ಯಯನವೇ.