ಹೋಗುವ ದಾರಿಗೆ ಸುಂಕವಿದ್ದರೇನು?

ಪಶ್ಚಿಮ ಬಂಗಾಳದ ಜೈಗಾಂವ್‌ಗೂ ಭೂತಾನಿನ ಫುಂಟ್‌ಶೋಲಿಂಗ್‌ಗೂ ನಡುವೆ ಇರುವುದು ಒಂದು ಗೋಡೆ, ಬಣ್ಣ ಬಳಿದ ಒಂದು ಹೆಬ್ಬಾಗಿಲು. ರಸ್ತೆ ಮಾರ್ಗವಾಗಿ ಭೂತಾನಿಗೆ ಹೋಗುವ ಬಹುಪಾಲು ಭಾರತೀಯರು ದಾಟುವ ಗಡಿ ಇದೇ. ಬೆಂಗಳೂರಿನಿಂದ ಬಾಗ್ಡೋಗ್ರಾಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಟ್ಯಾಕ್ಸಿ ಹಿಡಿಯುವ ಕನ್ನಡಿಗರೂ ಅವರಲ್ಲಿ ಸೇರಿದ್ದಾರೆ. ನಮಗೆ ವೀಸಾ ಬೇಡ. ಪಾಸ್‌ಪೋರ್ಟನ್ನೋ ಮತದಾರರ ಗುರುತಿನ ಚೀಟಿಯನ್ನೋ ತೋರಿಸಿ ಪರ್ಮಿಟ್ ಪಡೆದರೆ ಆಯಿತು. ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಈ ಬಾಗಿಲು 2022ರ ಸೆಪ್ಟೆಂಬರ್ 23ರಂದು ಮತ್ತೆ ತೆರೆದಾಗ ಪರ್ಮಿಟ್ಟಿನ ಬೆನ್ನಿಗೆ ಒಂದು ಬಿಲ್ಲೂ ಬಂತು: ತಲೆಗೆ, ರಾತ್ರಿಯೊಂದಕ್ಕೆ, 1,200 ರೂಪಾಯಿ. ‘ಸುಸ್ಥಿರ ಅಭಿವೃದ್ಧಿ ಶುಲ್ಕ’ ಎಂಬುದು ಅದರ ಹೆಸರು. ಅಂದಿನಿಂದ ನಮ್ಮಲ್ಲಿ ಒಂದೇ ಗೊಣಗಾಟ: ಸ್ನೇಹಿತರ ಮನೆಗೆ ಹೋಗಲು ದುಡ್ಡು ಕೊಡಬೇಕೆ? ಈ ತಕರಾರಿನ ಮುಕ್ಕಾಲು ಪಾಲಿನಲ್ಲಿ ಹುರುಳಿಲ್ಲ ಎಂಬುದು ನನ್ನ ಅಭಿಪ್ರಾಯ. ಉಳಿದ ಕಾಲು ಪಾಲಿನಲ್ಲಿ ಇದೆ. ವಿಚಿತ್ರವೆಂದರೆ ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಭೂತಾನ್ ಹೊರಗಿನವರಿಗೆ ಬಾಗಿಲು ತೆರೆದದ್ದು 1974ರಲ್ಲಿ. ಬಂದವರು ಕೈಬಿಚ್ಚಿ ಖರ್ಚು ಮಾಡಬೇಕು, ಆದರೆ ಹೆಚ್ಚು ಜನ ಬರಬಾರದು ಎಂಬುದು ಮೊದಲಿನಿಂದಲೂ ಅದರ ನೀತಿ. ಅಮೆರಿಕ, ಯುರೋಪಿನವರು ಬಹುಕಾಲ ದಿನಕ್ಕೆ ಕನಿಷ್ಠ 200ರಿಂದ 250 ಡಾಲರ್‌ಗಳ ಪ್ಯಾಕೇಜ್ ಕೊಂಡೇ ಹೋಗಬೇಕಿತ್ತು. ಭಾರತ, ಬಾಂಗ್ಲಾದೇಶ, ಮಾಲ್ಡೀವ್ಸ್‌ನವರು ಮಾತ್ರ ಈ ಕಟ್ಟಿನಿಂದ ಹೊರಗಿದ್ದರು. ಆ ವಿನಾಯಿತಿಯ ಫಲ 2019ರ ಅಂಕಿಅಂಶದಲ್ಲಿ ಕಾಣುತ್ತದೆ. ಆ ವರ್ಷ ಬಂದ 3,15,599 ಪ್ರವಾಸಿಗರಲ್ಲಿ ಸುಮಾರು 2.3 ಲಕ್ಷ ಮಂದಿ ಭಾರತೀಯರೇ. 2017ರ ಜನಗಣತಿಯಂತೆ ಇಡೀ ದೇಶದ ಜನಸಂಖ್ಯೆ 7.27 ಲಕ್ಷ, ನಮ್ಮ ಕೊಡಗು ಜಿಲ್ಲೆಯ ಒಂದೂವರೆ ಪಟ್ಟೂ ಇಲ್ಲ. ವಾರಾಂತ್ಯದಲ್ಲಿ ಮಡಿಕೇರಿಯ ರಸ್ತೆ ಏನಾಗುತ್ತದೆಂದು ಕಂಡವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ಜನಜಂಗುಳಿ ಸೇರಿದಾಗ ಚಾರಣವನ್ನೇ ನಿಲ್ಲಿಸಬೇಕಾಯಿತು. ಅದೇ ವರ್ಷದ ಮೇ ತಿಂಗಳಿಂದ, ಮದ್ರಾಸ್ ಹೈಕೋರ್ಟಿನ ಆದೇಶದಂತೆ, ಊಟಿಗೆ ಹೋಗಲು ಇ-ಪಾಸ್ ಬೇಕಾಯಿತು. ಒಂದೇ ದೇಶದ ಎರಡು ರಾಜ್ಯಗಳ ನಡುವೆ ಇಂಥ ಏರ್ಪಾಡನ್ನು ಒಪ್ಪಿಕೊಂಡ ನಾವು ಬೇರೊಂದು ದೇಶ ಅದನ್ನೇ ಮಾಡಿದಾಗ ಹುಬ್ಬೇರಿಸುವುದು ಹಾಸ್ಯಾಸ್ಪದ. ಭೂತಾನಿನ ಶುಲ್ಕ ಕೋವಿಡ್ ನಷ್ಟ ತುಂಬಿಕೊಳ್ಳಲು ಹೂಡಿದ ಉಪಾಯ ಎನ್ನುವವರೂ ಇದ್ದಾರೆ. ಆದರೆ ಭೂತಾನ್ ಸಂಸತ್ತು ಈ ಶುಲ್ಕಕ್ಕೆ ಒಪ್ಪಿಗೆ ಕೊಟ್ಟದ್ದು 2020ರ ಆರಂಭದಲ್ಲಿ. ಅಲ್ಲಿ ಗಡಿ ಮುಚ್ಚಿದ್ದೇ ಆಮೇಲೆ.

ಇನ್ನೊಂದು ವಾದ ಉಪಕಾರ ಸ್ಮರಣೆಯದ್ದು. ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಫುವಿಗೆ ಏರುವ ರಸ್ತೆಯನ್ನು ಕಟ್ಟಿದ್ದು 1961ರಲ್ಲಿ ಆರಂಭವಾದ ನಮ್ಮ ಗಡಿ ರಸ್ತೆ ಸಂಸ್ಥೆಯ ‘ದಂತಕ್’ ಯೋಜನೆ. ಆ ಬೆಟ್ಟಗಳಲ್ಲಿ ಭಾರತದ ಎಷ್ಟೋ ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದಾರೆ. 2024ರ ಮಾರ್ಚ್‌ನಲ್ಲಿ ಪ್ರಧಾನಿ ಮೋದಿ ಥಿಂಫುವಿಗೆ ಹೋಗಿದ್ದಾಗ ಐದು ವರ್ಷಗಳಿಗೆ 10,000 ಕೋಟಿ ರೂಪಾಯಿ ನೆರವು ಘೋಷಿಸಿದರು. ನಾವೇ ಹಾಕಿದ ರಸ್ತೆಯಲ್ಲಿ ಹೋಗಲು ನಾವೇ ದುಡ್ಡು ಕೊಡಬೇಕೇ, ಕೊಟ್ಟವ ಕೋಡಂಗಿ ಇಸಕೊಂಡವ ಈರಭದ್ರ ಎಂದಂತಾಯಿತಲ್ಲ ಎಂದು ಕೇಳುವವರಿಗೆ ಮೇಲ್ನೋಟಕ್ಕೆ ನ್ಯಾಯವಿದೆ. ಆದರೆ ಭಾರತ ಆ ರಸ್ತೆ ಕಟ್ಟಿದ್ದು ಪ್ರವಾಸಿಗರು ಹೋಗಿ ಫೋಟೊ ತೆಗೆಸಿಕೊಳ್ಳಲಿ ಎಂದಲ್ಲ. ಟಿಬೆಟ್‌ಗೆ ಚೀನೀ ಸೇನೆ ಬಂದ ಮೇಲೆ ಉತ್ತರದ ಗಡಿಯ ಬಗ್ಗೆ ದೆಹಲಿಗೆ ಹುಟ್ಟಿದ ಆತಂಕ ಅದರ ಹಿಂದಿತ್ತು. ಭೂತಾನಿನ ನದಿಗಳ ವಿದ್ಯುತ್ತನ್ನು ಕೊಳ್ಳುತ್ತಿರುವವರೂ ನಾವೇ. ಎರಡೂ ಕಡೆಗೆ ಲಾಭವಿರುವ ವ್ಯವಹಾರವನ್ನು ಒಂದು ಕಡೆಯ ದಾನವೆಂದು ಎಣಿಸಿ, ಆ ದಾನದ ರಸೀದಿಯನ್ನು ಪ್ರತಿಯೊಬ್ಬ ಪ್ರವಾಸಿಯೂ ಗಡಿಯಲ್ಲಿ ತೋರಿಸಲು ಹೊರಟರೆ, 2007ರಲ್ಲಿ ಪರಿಷ್ಕರಿಸಿದ ಸ್ನೇಹ ಒಪ್ಪಂದಕ್ಕೆ ಅರ್ಥವೇ ಉಳಿಯುವುದಿಲ್ಲ. ಅದಕ್ಕೆ ಮೊದಲಿದ್ದ 1949ರ ಒಪ್ಪಂದದಲ್ಲಿ ಭೂತಾನ್ ತನ್ನ ವಿದೇಶ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯಬೇಕೆಂಬ ಮಾತಿತ್ತು. ಅದನ್ನು ಕೈಬಿಡಲು ಒಪ್ಪಿದವರು ನಾವೇ.

ಸಮಾನ ವ್ಯವಹಾರದ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಭೂತಾನೀಯರು ಭಾರತಕ್ಕೆ ವೀಸಾ ಇಲ್ಲದೆ, ಶುಲ್ಕವೂ ಇಲ್ಲದೆ ಬರುತ್ತಾರೆ. ಬೈಲುಕುಪ್ಪೆಯ ನಾಮ್ಡ್ರೋಲಿಂಗ್ ಮಠದಲ್ಲಿ ಅವರ ಭಿಕ್ಷುಗಳು ಕಲಿಯುತ್ತಾರೆ. ಹಂಪಿಯ ವಿಠ್ಠಲ ದೇವಾಲಯದಲ್ಲಿ ದೂರದ ವಿದೇಶಿಗೆ 600 ರೂಪಾಯಿ ಟಿಕೆಟ್ ಇದ್ದರೆ, ಸಾರ್ಕ್ ದೇಶದವನೆಂಬ ಕಾರಣಕ್ಕೆ ಭೂತಾನೀಯ ನಮ್ಮಂತೆಯೇ 40 ರೂಪಾಯಿ ಕೊಟ್ಟು ಒಳಗೆ ಹೋಗುತ್ತಾನೆ. ಹಾಗಿದ್ದಮೇಲೆ ಅವರೂ ನಮ್ಮನ್ನು ಹಾಗೆಯೇ ಕಾಣಬೇಡವೇ? ಕಾಣುತ್ತಿದ್ದಾರೆ, ಪೂರ್ತಿಯಾಗಿ ಅಲ್ಲದಿದ್ದರೂ. 2022ರಲ್ಲಿ ಡಾಲರ್ ಕೊಡುವ ಪ್ರವಾಸಿಗೆ ರಾತ್ರಿಗೆ 200 ಡಾಲರ್ ಗೊತ್ತುಮಾಡಿದಾಗ ನಮ್ಮ ದರ ಅದರ ಹತ್ತನೇ ಒಂದಕ್ಕಿಂತಲೂ ಕಡಿಮೆಯಿತ್ತು. ಸಮಾನತೆಯನ್ನು ಅಳೆಯುವಾಗ ಗಾತ್ರವನ್ನೂ ನೋಡಬೇಕು. ಭೂತಾನಿನ ಅಷ್ಟೂ ಜನ ಒಂದೇ ದಿನ ಬೆಂಗಳೂರಿಗೆ ಬಂದಿಳಿದರೂ ಅವರ ಸಂಖ್ಯೆ ಊರಿನ ಹತ್ತನೇ ಒಂದು ಪಾಲು ದಾಟುವುದಿಲ್ಲ. ಬೆಂಗಳೂರಿನ ಹತ್ತನೇ ಒಂದು ಪಾಲು ಜನ ಥಿಂಫುವಿಗೆ ಹೋದರೆ ಅಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಕನಿಷ್ಠ ಶೇ 60ರಷ್ಟು ಭೂಮಿ ಸದಾಕಾಲ ಕಾಡಾಗಿಯೇ ಉಳಿಯಬೇಕೆಂದು ಸಂವಿಧಾನದಲ್ಲೇ ಬರೆದುಕೊಂಡ, ಪ್ರಾಥಮಿಕ ಆರೋಗ್ಯ ಸೇವೆಯನ್ನು ಉಚಿತವಾಗಿ ಕೊಡುವ ದೇಶ ತನ್ನ ಖರ್ಚಿನ ಒಂದು ಪಾಲನ್ನು ಅತಿಥಿಗಳಿಂದ ಕೇಳಿದರೆ ತಪ್ಪೇನು? ದುಡ್ಡು ಕೊಟ್ಟವನಿಗೆ ಸಭ್ಯತೆ ತಾನಾಗಿ ಬರುತ್ತದೆ ಎಂದೇನೂ ನಾನು ಹೇಳುತ್ತಿಲ್ಲ. 2019ರಲ್ಲಿ ದೋಚುಲಾ ಕಣಿವೆಹಾದಿಯ ಚೋರ್ಟೆನ್ (ಬೌದ್ಧ ಸ್ತೂಪ) ಮೇಲೆ ಹತ್ತಿ ನಿಂತು ಚಿತ್ರ ತೆಗೆಸಿಕೊಂಡ ನಮ್ಮ ಪ್ರವಾಸಿಯಂಥವರು 1,200 ರೂಪಾಯಿ ಕೊಟ್ಟೂ ಹತ್ತಿಯಾರು.

ಹಾಗಾದರೆ ಹುರುಳಿರುವ ಆ ಕಾಲು ಪಾಲು ಯಾವುದು? ಶುಲ್ಕವನ್ನು ರಾತ್ರಿಗಳ ಲೆಕ್ಕದಲ್ಲಿ, ಎಲ್ಲ ಊರಿಗೂ ಎಲ್ಲ ಕಾಲಕ್ಕೂ ಒಂದೇ ದರದಲ್ಲಿ ಹಾಕಿರುವುದು. ಗಂಡ, ಹೆಂಡತಿ, ಆರರಿಂದ ಹನ್ನೆರಡರ ನಡುವಿನ ಇಬ್ಬರು ಮಕ್ಕಳು ಇರುವ ಒಂದು ಕುಟುಂಬವನ್ನು ತೆಗೆದುಕೊಳ್ಳಿ. ಮಕ್ಕಳಿಗೆ ಅರ್ಧ ದರ, ಅಂದರೆ ರಾತ್ರಿಗೆ ಒಟ್ಟು 3,600. ಐದು ರಾತ್ರಿಗೆ 18,000 ರೂಪಾಯಿ. ಗಡಿಗೆ ಹತ್ತಿರದ ಹಾಸಿಮಾರಾ ಸ್ಟೇಷನ್‌ವರೆಗೆ ಸ್ಲೀಪರ್ ಕೋಚಿನಲ್ಲಿ ಬಂದು ಸಾಧಾರಣ ಹೋಟೆಲಿನಲ್ಲಿ ಇಳಿದುಕೊಳ್ಳುವವರಿಗೆ ಇದು ರೈಲು ಖರ್ಚನ್ನೂ ಮೀರುವ ಮೊತ್ತ. ಪಾರೊಗೆ ನೇರವಾಗಿ ವಿಮಾನದಲ್ಲಿ ಇಳಿಯುವವನಿಗೆ ಮೊದಲ ದಿನವೇ ಊರು ನೋಡಲು ಸಿಗುತ್ತದೆ. ಫುಂಟ್‌ಶೋಲಿಂಗ್‌ನಿಂದ ಹೊರಟವನ ಅರ್ಧ ದಿನ ತಿರುವು ರಸ್ತೆಯಲ್ಲೇ ಕಳೆಯುತ್ತದೆ, ಹಿಂದಿರುಗುವಾಗ ಇನ್ನರ್ಧ ದಿನ. ಶುಲ್ಕ ಮಾತ್ರ ಇಬ್ಬರಿಗೂ ಒಂದೇ. ಗಡಿ ಪಟ್ಟಣ ದಾಟದೆ ಉಳಿಯುವವರಿಗೆ 24 ಗಂಟೆಯ ವಿನಾಯಿತಿ ಕೊಟ್ಟದ್ದರಿಂದ ಫುಂಟ್‌ಶೋಲಿಂಗ್‌ನ ಅಂಗಡಿಗಳಿಗೆ ಉಪಯೋಗವಾಗಿರಬಹುದು. ಒಳನಾಡಿಗೆ ಹೊರಟವರಿಗೆ ಅದರಿಂದ ಏನೂ ಇಲ್ಲ. ಬಡವರು ವಿದೇಶಕ್ಕೆ ಏಕೆ ಹೋಗಬೇಕು ಎಂದು ಕೇಳುವವರಿಗೆ ಉತ್ತರ ಕೊಡುವುದೂ ವ್ಯರ್ಥ. ಉತ್ತರ ಬಂಗಾಳದ ಅಲಿಪುರ್‌ದ್ವಾರದ ಮಾಸ್ತರರಿಗೆ ಥಿಂಫು ಕೋಲ್ಕತ್ತಕ್ಕಿಂತ ಹತ್ತಿರ.

ಖರ್ಚು ಉಳಿಸಬೇಕೆನ್ನುವವನು ಮಾಡುವುದೇನು? ರಾತ್ರಿಗಳನ್ನು ಕಡಿತ ಮಾಡುತ್ತಾನೆ. ಬುಮ್‌ತಾಂಗ್ ಬಿಡುತ್ತಾನೆ, ಪೂರ್ವದ ಟ್ರಾಶಿಗಾಂಗ್‌ನ ಯೋಚನೆಯನ್ನೇ ಮಾಡುವುದಿಲ್ಲ. ಪಾರೊ, ಥಿಂಫು, ಸಮಯ ಸಿಕ್ಕರೆ ಪುನಾಖಾ. ತಕ್ಸಾಂಗ್ ಮಠಕ್ಕೆ ಏದುಸಿರಿನಲ್ಲಿ ಹತ್ತಿ ಇಳಿದು ವಾಪಸು. ಅಂದರೆ ಜನದಟ್ಟಣೆ ತಗ್ಗಿಸಲು ಹಾಕಿದ ಶುಲ್ಕವೇ ಜನರನ್ನು ಅತಿ ಹೆಚ್ಚು ದಟ್ಟಣೆಯ ಮೂರು ಕಣಿವೆಗಳಿಗೆ ತಳ್ಳುತ್ತಿದೆ. ಸೇತುವೆ, ರಸ್ತೆ, ಹೋಟೆಲು ಕಟ್ಟಿಕೊಂಡು ಕಾಯುತ್ತಿರುವ ಪೂರ್ವದ ಜಿಲ್ಲೆಗಳಿಗೆ ಸುಸ್ಥಿರತೆಯೂ ಇಲ್ಲ, ಅಭಿವೃದ್ಧಿಯೂ ಇಲ್ಲ. ನಿಧಾನವಾಗಿ ಸುತ್ತುವ, ಹಳ್ಳಿಯ ಮನೆಯಲ್ಲಿ ಉಳಿದು ಅಲ್ಲಿನ ಊಟವನ್ನೇ ಉಣ್ಣುವ ಪ್ರವಾಸಿ ಈ ಲೆಕ್ಕದಲ್ಲಿ ಅತಿ ಹೆಚ್ಚು ದಂಡ ತೆರುತ್ತಾನೆ. ಭೂತಾನ್ ಬಯಸುವ ‘ಹೆಚ್ಚು ಮೌಲ್ಯ’ದ ಅತಿಥಿ ಅವನಲ್ಲದೆ ಮತ್ತಾರು?

ಇದನ್ನು ಸರಿಪಡಿಸುವುದು ಹೇಗೆಂದು ಭೂತಾನಿಗೆ ನಾವು ಹೇಳಿಕೊಡಬೇಕಾಗಿಲ್ಲ. 2023ರ ಜೂನ್‌ನಲ್ಲಿ ಅದೇ ಸರ್ಕಾರ ಡಾಲರ್ ಪ್ರವಾಸಿಗರಿಗೆ ಒಂದು ಕೊಡುಗೆ ಕೊಟ್ಟಿತು: ನಾಲ್ಕು ದಿನದ ಶುಲ್ಕ ಕಟ್ಟಿದರೆ ಇನ್ನೂ ನಾಲ್ಕು ದಿನ ಶುಲ್ಕವಿಲ್ಲದೆ ಇರಬಹುದು, ಏಳಕ್ಕೆ ಏಳು, ಹನ್ನೆರಡಕ್ಕೆ ಹದಿನೆಂಟು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅದನ್ನು ಬಿಟ್ಟು ಶುಲ್ಕವನ್ನೇ 100 ಡಾಲರ್‌ಗೆ ಅರ್ಧ ಮಾಡಿತು. ರೂಪಾಯಿ ಕೊಡುವವರಿಗೆ ಆ ಕೊಡುಗೆಯೂ ಸಿಗಲಿಲ್ಲ, ಈ ಇಳಿಕೆಯೂ ಸಿಗಲಿಲ್ಲ. ನಿಮ್ಮ ದರ ಹೇಗೂ ಕಡಿಮೆಯಲ್ಲವೇ ಎಂದು ಥಿಂಫು ಹೇಳಬಹುದು. ಕಡಿಮೆಯೇ. ಆದರೆ ನಾನು ದರ ಇಳಿಸಿ ಎಂದು ಕೇಳುತ್ತಿಲ್ಲ. ಮೊದಲ ಮೂರು ರಾತ್ರಿಗೆ ಪೂರ್ತಿ 1,200 ಇರಲಿ, ಬೇಕಿದ್ದರೆ ಪಾರೊ ಮತ್ತು ಥಿಂಫುವಿನಲ್ಲಿ ಇನ್ನಷ್ಟು ಏರಲಿ. ಆಮೇಲಿನ ರಾತ್ರಿಗಳಿಗೆ ಇಳಿಯಲಿ, ಪೂರ್ವದ ಜಿಲ್ಲೆಗಳಲ್ಲಿ ಶುಲ್ಕವೇ ಬೇಡ. ಬೊಕ್ಕಸಕ್ಕೆ ನಷ್ಟವಾಗುತ್ತದೆ ಎಂಬುದು ಇದಕ್ಕೆ ಬರುವ ಆಕ್ಷೇಪ. ಇಂದು ಯಾರೂ ಕಳೆಯದ ರಾತ್ರಿಯಿಂದ ಬೊಕ್ಕಸಕ್ಕೆ ಬರುತ್ತಿರುವುದೇನು? ಅದೇ ರಾತ್ರಿಯನ್ನು ಯಾರಾದರೂ ಬುಮ್‌ತಾಂಗ್‌ನಲ್ಲಿ ಕಳೆದರೆ ಕೋಣೆಯ ಬಾಡಿಗೆ, ಊಟ, ಟ್ಯಾಕ್ಸಿಯ ಹಣವಾದರೂ ಊರಿನವರ ಕೈ ಸೇರುತ್ತದೆ.

ಭಾರತ ಸರ್ಕಾರ ಶುಲ್ಕ ಮನ್ನಾ ಮಾಡಿ ಎಂದು ಭೂತಾನಿನ ಮೇಲೆ ಒತ್ತಡ ಹೇರಬಾರದು. ದೊಡ್ಡ ದೇಶದ ಅಂಥ ಕೋರಿಕೆಯನ್ನು ಚಿಕ್ಕ ದೇಶ ಕೋರಿಕೆಯಾಗಿ ಕೇಳಿಸಿಕೊಳ್ಳುವುದು ಕಷ್ಟ. ಹೋಗುವ ನಾವೂ ಜೈಗಾಂವ್‌ನ ಏಜೆಂಟರ ಹತ್ತಿರ ‘ಏನಾದರೂ ಅಡ್ಜಸ್ಟ್ ಮಾಡಿ’ ಎನ್ನುವುದನ್ನು ಬಿಟ್ಟು, ಹೇಳಿದಷ್ಟು ಕಟ್ಟಿ ರಸೀದಿ ಪಡೆಯೋಣ. ಡಾಲರ್ ಪ್ರವಾಸಿಗರ ಅರ್ಧ ದರದ ಅವಧಿ 2027ರ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಆ ದರವನ್ನು ಮುಂದೇನು ಮಾಡಬೇಕೆಂದು ಥಿಂಫು ತೀರ್ಮಾನಿಸುವಾಗ ರಸ್ತೆಯಲ್ಲಿ ಬರುವವರ ರಾತ್ರಿ ಲೆಕ್ಕವನ್ನೂ ಬದಲಿಸಲಿ.